ನೀರಿಳಿದ ವರ್ಷದ ಕಡೆಯ ಲಾಂಚ್

ಟೈರು ಪಂಕ್ಚರ್ ಆಗಬಹುದಿತ್ತು. ಆಗ ಡಿಕ್ಕಿಯಿಂದ ತೆಗೆದ ಸ್ಟೆಪ್ನಿಯಲ್ಲೂ ಗಾಳಿ ಇಲ್ಲದಿರಬಹುದಿತ್ತು. ದಾರಿಯಲ್ಲಿ ರೈಲ್ವೆ ಗೇಟು ಬಿದ್ದು, ಒಂದರ ಹಿಂದೊಂದು ಗೂಡ್ಸ್ ಗಾಡಿ ನಿಧಾನವಾಗಿ ಹೋಗಬಹುದಿತ್ತು. ಹಾಸನದ ಹತ್ತಿರ ಯಾರೋ ಯಾವುದಕ್ಕೋ ರಸ್ತೆ ತಡೆದು ಟೈರು ಸುಡುತ್ತಿರಬಹುದಿತ್ತು. ಅಕ್ಕನ ಎಡಗೈಯ ಉಬ್ಬಿದ ನರಕ್ಕೆ ಕಾರಿನ ಬಾಗಿಲು ಬಡಿಯಬಹುದಿತ್ತು. ಹೋಟೆಲಿನವನು ಸಾರಿಗೆ ಎರಡು ಸಲ ಉಪ್ಪು ಹಾಕಿರಬಹುದಿತ್ತು. ಹುಣಸೂರಿನ ಮನೆಯಲ್ಲಿ ಗ್ಯಾಸ್ ಸೋರಿ, ಕರೆಂಟು ಬಂದಾಗ ಫ್ರಿಜ್ಜು ಕಿಡಿ ಹಾರಿಸಿ, ನಮ್ಮ ಬೀದಿಯ ಅರ್ಧ ಹಾರಿಹೋಗಿರಬಹುದಿತ್ತು. ಲಾಂಚು ಮಗುಚಬಹುದಿತ್ತು. ಮಗುಚದೆ ನಡುನೀರಿನಲ್ಲಿ ಕೆಸರು ಕಚ್ಚಿ ನಿಲ್ಲಬಹುದಿತ್ತು. ಇದು ಮಗುಚುವುದಕ್ಕಿಂತ ಕೆಟ್ಟದ್ದು, ಯಾಕೆಂದರೆ ಯೋಚನೆ ಮಾಡಲು ಸಮಯ ಸಿಗುತ್ತದೆ. ನಾನು ಹ್ಯಾಂಡ್ ಬ್ರೇಕ್ ಎಳೆದಿದ್ದೇನೆ ಅಂದುಕೊಂಡು ಎಳೆಯದೇ ಇದ್ದಿರಬಹುದಿತ್ತು.

ಇಷ್ಟರಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ, ಬಹಳ ಚಿಕ್ಕದು, ನನ್ನ ಪಟ್ಟಿಯಲ್ಲಿ ಇಲ್ಲದ್ದು.

ಓದುವವರನ್ನೂ ನನ್ನ ಹಾಗೆ ಚಿಂತೆಗೆ ಹಚ್ಚುವುದು ಬೇಡವೆಂದು ಇನ್ನೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಕ ಈಗಿಲ್ಲ. ಅವಳು ಹೋದದ್ದು ಆ ಪ್ರಯಾಣದಿಂದಲ್ಲ. ಅದಾದ ಕೆಲವು ವಾರಗಳ ಮೇಲೆ, ಆಷಾಢದ ಒಂದು ಬೆಳಿಗ್ಗೆ, ತನ್ನ ಮನೆಯ ಜಗಲಿಯಲ್ಲಿ ಅರ್ಧ ಕುಡಿದ ಕಾಫಿ ಲೋಟ ಪಕ್ಕಕ್ಕಿಟ್ಟು. ಆ ದಿನ ನಾನು ಯಾವ ಚಿಂತೆಯನ್ನೂ ಮಾಡಿರಲಿಲ್ಲ. ಬಿಳಿಕೆರೆಯಲ್ಲಿ ನಿಂತು ಎಳನೀರು ಕುಡಿಯುತ್ತಿದ್ದೆ.

ಅಕ್ಕನನ್ನು ಬೆಟ್ಟದಪುರದ ಬೆಟ್ಟ ಕಾಣುವ ಹಳ್ಳಿಯೊಂದಕ್ಕೆ ಕೊಟ್ಟಿದ್ದೆವು. ಹೊಗೆಸೊಪ್ಪು ಬೆಳೆಯುವ ಮನೆ. ಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ ಗೂಡಿನ ಬೆಂಕಿಯ ಮುಂದೆ ಗಂಡಸರಿಗಿಂತ ಹೆಚ್ಚು ಹೊತ್ತು ಕೂತಿರುತ್ತಿದ್ದವಳು ಅವಳೇ. ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ ಮೇಲೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನದ ಪಾಳಿಗೆ, ಹುಣಸೂರಿನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಬರುತ್ತಿದ್ದಳು. ಆ ಪದ ಅವಳ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ‘ಮಿಷಿನ್ನಿಗೆ ಹೋಗ್ಬೇಕು’ ಎನ್ನುತ್ತಿದ್ದಳು, ರಾಗಿ ಚೀಲ ಹೊತ್ತು ಹಿಟ್ಟಿನ ಮಿಷಿನ್ನಿಗೆ ಹೊರಟವಳ ಹಾಗೆ. ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ಅವಳ ಎಡಗೈಯ ನರ ಉಬ್ಬಿಸಿದ್ದರು. ಒಂದು ಪಾಳಿ ತಪ್ಪಿದರೆ ಆ ಮಿಷಿನ್ನಿಗೆ ಇನ್ನೊಬ್ಬರನ್ನು ಮಲಗಿಸುತ್ತಾರೆ. ಹಾಗೆ ಒಮ್ಮೆ ತಪ್ಪಿದಾಗ ಮೈಯಲ್ಲಿ ನೀರು ತುಂಬಿ, ಉಸಿರು ಕಟ್ಟಿ, ಮೂಗಿಗೆ ನಳಿಗೆ ಹಾಕಿ ಮೈಸೂರಿಗೆ ಸಾಗಿಸಿದ್ದೆವು. ಡಾಕ್ಟರು ಆಗ ಹೇಳಿದ ಮಾತು ಇಷ್ಟೇ: ಇನ್ನೊಂದು ಸಲ ಹೀಗೆ ಆಗಬಾರದು.

ಇಂಥ ಅಕ್ಕನಿಗೆ ಪಕ್ಕದ ಮಂಚದ ಹೆಂಗಸೊಬ್ಬಳು ಶರಾವತಿ ಹಿನ್ನೀರಿನ ಕತೆ ಹೇಳಿದ್ದಳು.

“ಕಾರ್ನಾಗೆ ಕೂತಂಗೇ ನೀರಿನ ಮ್ಯಾಲೆ ಓಗೋದಂತೆ ಕಣ್ಲಾ,” ಎಂದಳು ಅಕ್ಕ ನನಗೆ. “ಬಸ್ಸೂ ಅತ್ತುತದಂತೆ. ಆಚೆ ದಡದಾಗೆ ಅಮ್ಮನ ಗುಡಿ ಅದಂತೆ. ಒಂದ್ಸತಿ ಕರ್ಕೊಂಡೋಗು.”

“ಅಷ್ಟು ದೂರ ಆಗಲ್ಲ ಅಕ್ಕ. ಮಧ್ಯೆ ಏನಾದ್ರೂ ಆದ್ರೆ?”

“ಏನಾಗ್ಬೇಕೋ ಅದು ಆಗೋಗೈತೆ. ಇನ್ನೇನ್ ಆದದು?”

ಶುಕ್ರವಾರದ ಪಾಳಿ ಮುಗಿಸಿ ನಮ್ಮ ಮನೆಯಲ್ಲಿ ಉಳಿದು ಶನಿವಾರ ಹೊರಡುವುದು, ಭಾನುವಾರ ದೇವಿಯ ದರ್ಶನ, ಸೋಮವಾರ ವಾಪಸು, ಸೋಮವಾರ ರಾತ್ರಿ ನಮ್ಮ ಮನೆಯಲ್ಲಿ ನಿದ್ದೆ, ಮಂಗಳವಾರ ಮಧ್ಯಾಹ್ನ ಮಿಷಿನ್ನು ಎಂದು ನಿರ್ಧಾರವಾಯಿತು. ಮೇ ತಿಂಗಳು. ಒಂದು ಹದ ಮಳೆ ಬಿದ್ದು ಭಾವನ ಹೊಲದಲ್ಲಿ ಹೊಗೆಸೊಪ್ಪಿನ ಸಸಿ ನಾಟಿ ನಡೆದಿತ್ತು, ಅವರು ಬರುವ ಹಾಗಿರಲಿಲ್ಲ. ಹೊರಟವರು ಮೂವರೇ: ಅಕ್ಕ, ನನ್ನ ಹೆಂಡತಿ, ನಾನು. ವಾಹನ ನನ್ನ ಹಳೆಯ ಸಣ್ಣ ಕಾರು. ನೆಂಟರಿಷ್ಟರಲ್ಲಿ ಅದನ್ನು ಕಂಡು ನಗದವರಿಲ್ಲ. ಭಾವ ಅದನ್ನು ಬೆಂಕಿಪೊಟ್ಟಣ ಎಂದೇ ಕರೆಯುತ್ತಿದ್ದರು.

ಶನಿವಾರ ಬೆಳಿಗ್ಗೆ ನಾನು ಗ್ಯಾಸ್ ರೆಗ್ಯುಲೇಟರ್ ತಿರುಗಿಸಿ, ಮೂಸಿ, ಮತ್ತೆ ತಿರುಗಿಸಿ, ಬಾಗಿಲವರೆಗೆ ಬಂದು, ಇನ್ನೊಮ್ಮೆ ನೋಡಲು ಒಳಗೆ ಹೋದೆ.

“ಅದೇನ್ ಓಡೋಗದಾ?” ಎಂದು ಅಕ್ಕ ಕೂಗಿದಳು. “ಬಾರ್ಲಾ, ಬಿಸಿಲೇರ್ತದೆ.”

ಹೆಂಡತಿ ದೇವರಮನೆಯಲ್ಲಿ ಮೊರ ಇಟ್ಟುಕೊಂಡು ಕೂತಿದ್ದಳು. ತವರಿಗೆ ಬಂದ ಹೆಣ್ಣುಮಗಳು ಹೊಸ್ತಿಲು ದಾಟುವಾಗ ಮಡಿಲಕ್ಕಿ ಕಟ್ಟದೆ ಕಳಿಸುವುದು ನಮ್ಮಲ್ಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಅಕ್ಕನಿಗೆ ತವರು ಎಂದರೆ ಹುಣಸೂರಿನ ಈ ಬಾಡಿಗೆ ಮನೆಯೇ. ಮೊರದಲ್ಲಿ ಒಂದು ಸೇರು ಅಕ್ಕಿ, ಬೆಲ್ಲದಚ್ಚು, ತೆಂಗಿನಕಾಯಿ, ಎಲೆ ಅಡಿಕೆ, ಹಸಿರು ಬಳೆ, ರವಿಕೆ ಕಣ ಎಲ್ಲ ಸಿದ್ಧವಾಗಿತ್ತು.

“ಅತ್ಗೆ, ಬನ್ನಿ, ಸೆರಗು ಹಿಡೀರಿ,” ಎಂದಳು ಹೆಂಡತಿ.

“ಈಗ್ಲೇ ಕಟ್ಬುಟ್ರೆ ಕಳಿಸ್ಬುಟ್ಟಂಗಾಯ್ತು ಕಣವ್ವ,” ಎಂದಳು ಅಕ್ಕ. “ನಾನ್ ಇಲ್ಗೇ ತಿರ್ಗಾ ಬತ್ತೀನಲ್ಲ. ಮಂಗಳ್ವಾರ ಊರ್ಗೋಗುವಾಗ ಕಟ್ಟು.”

ಮಾತು ಸರಿಯಾಗಿಯೇ ಇತ್ತು. ಹೆಂಡತಿ ಮೊರದ ಮೇಲೆ ಬಟ್ಟೆ ಹೊದಿಸಿ ಎದ್ದಳು. ನಾನು ಆ ಹೊತ್ತಿನಲ್ಲಿ ಬಚ್ಚಲ ನಲ್ಲಿ ನೋಡುತ್ತಿದ್ದೆ.

ಹೋಗುವಾಗ ಎಲ್ಲ ಸುಗಮ. ಹೊಳೆಯ ದಡದಲ್ಲಿ ಅರ್ಧ ಗಂಟೆ ಕಾದು ಲಾಂಚು ಹತ್ತಿದೆವು. ಹಿನ್ನೀರು ಎಂದರೆ ಕಣ್ಣು ಹಾಯುವಷ್ಟು ನೀರು ಎಂದುಕೊಂಡಿದ್ದ ನಮಗೆ ಕಂಡದ್ದು ಕೆಂಪು ಮಣ್ಣಿನ ಬೋಳು ಗುಡ್ಡಗಳ ನಡುವೆ ತೆಳ್ಳಗೆ ಉಳಿದ ನೀರು. ಎಂದೋ ಮುಳುಗಿದ ಕಾಡಿನ ಮರದ ಬೊಡ್ಡೆಗಳು ಕರ್ರಗೆ ತಲೆ ಎತ್ತಿದ್ದವು. ಅಕ್ಕ ಕಾರಿನ ಕಿಟಕಿ ಇಳಿಸಿ ಅದನ್ನೇ ನೋಡುತ್ತಾ ಹೋದಳು. ಭಾನುವಾರ ದೇವಿಯ ಎದುರು ನಿಂತಾಗ ಏನು ಬೇಡಿಕೊಂಡಳೆಂದು ನಾನು ಕೇಳಲಿಲ್ಲ. ನಾನು ಬೇಡಿಕೊಂಡದ್ದು ಸೋಮವಾರ ಕಾರು ಸ್ಟಾರ್ಟ್ ಆಗಲಿ ಎಂದು.

ಕಾರು ಸ್ಟಾರ್ಟ್ ಆಯಿತು. ಆದರೆ ಲಾಂಚಿನ ಕಟ್ಟೆಗೆ ಹೋಗುವ ರಸ್ತೆಯಲ್ಲಿ ಅರ್ಧ ಮೈಲಿ ಮೊದಲೇ ಗಾಡಿಗಳು ನಿಂತಿದ್ದವು. ಕಾರು, ಟೆಂಪೊ ಟ್ರಾವೆಲರ್, ಅಡಿಕೆ ಮೂಟೆಯ ಪಿಕಪ್, ಮದುವೆಗೆ ಹೊರಟ ಒಂದು ಮಿನಿ ಬಸ್ಸು. ಮುಂದಿನ ಗಾಡಿಯವರು ಇಳಿದು ಟವೆಲಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು.

“ನಿಮಗೆ ಗೊತ್ತಿಲ್ವಾ ಮಾರಾಯ್ರೆ?” ಎಂದರು ಅವರಲ್ಲೊಬ್ಬರು. “ ನೀರು ತಳ ಹಿಡಿದಿದೆ. ನಾಳೆಯಿಂದ ಗಾಡಿ ಹತ್ತಿಸೋದಿಲ್ಲ, ಬರೀ ಜನ. ಮಳೆ ಹಿಡಿಯೋ ತನಕ ಹೀಗೇ. ಇವತ್ತೂ ಒಂದು ಟ್ರಿಪ್ಪಿಗೆ ನಾಲ್ಕೋ ಐದೋ ಗಾಡಿ ಅಷ್ಟೇ.”

“ಸುತ್ತಿ ಹೋಗೋ ದಾರಿ?”

“ಕಾಡು ದಾರೀಲಿ ಮೋರಿ ಕಿತ್ತು ಹಾಕಿದಾರೆ, ಬೈಕ್ ಮಾತ್ರ ದಾಟ್ತದೆ. ಕಾರಿಗಾದ್ರೆ ಘಟ್ಟ ಇಳಿದು, ಆ ಕಡೆ ಇನ್ನೊಂದು ಘಟ್ಟ ಹತ್ತಬೇಕು.”

ನನ್ನಂಥವನಿಗೆ ಎರಡು ದಾರಿ ತೋರಿಸಬಾರದು. ಸಾಲಿನಲ್ಲಿ ನಿಂತರೆ ಲಾಂಚು ಸಿಗದೆ ಹೋಗಬಹುದು. ಘಟ್ಟಕ್ಕೆ ತಿರುಗಿದರೆ ಆ ತಿರುವುಗಳಲ್ಲಿ ಅಕ್ಕ ವಾಂತಿ ಮಾಡಿಕೊಂಡು ಸುಸ್ತಾಗಬಹುದು, ಎಂಜಿನ್ ಬಿಸಿಯಾಗಬಹುದು. ಒಂದು ಗಂಟೆ ಯೋಚಿಸಿದೆ. ಒಂದು ಗಂಟೆ ಕಾದ ಮೇಲೆ ಸಾಲು ಬಿಡುವುದು ಮೂರ್ಖತನ ಅನ್ನಿಸಿತು. ಎರಡು ಗಂಟೆಯಾದ ಮೇಲೆ ಇನ್ನೂ ದೊಡ್ಡ ಮೂರ್ಖತನ. ಹೀಗೆ ನಾನು ನಿರ್ಧಾರ ಮಾಡದೆಯೇ ನಿರ್ಧಾರವಾಗಿ ಹೋಯಿತು.

ಹೆಂಡತಿ ನನಗಿಂತ ನೇರ. “ಕಾರು ಇಲ್ಲೇ ಬಿಡಿ. ಜನರ ಜೊತೆ ದಾಟಿ, ಆಚೆ ಯಾವುದಾದ್ರೂ ಗಾಡಿ ಮಾಡ್ಕೊಂಡು ಹೋಗೋಣ.”

ಅದನ್ನೂ ನೋಡಿದೆವು. ನೀರು ಹಿಂದೆ ಸರಿದಿದ್ದರಿಂದ ಲಾಂಚು ಈಗ ಕಟ್ಟೆಗೆ ಬರುತ್ತಿರಲಿಲ್ಲ. ದೂರ ಕೆಳಗೆ, ಒಣಗಿ ಬಿರಿದ ಕೆಸರಿನ ಇಳಿಜಾರು ಮುಗಿಯುವಲ್ಲಿ ನಿಲ್ಲುತ್ತಿತ್ತು. ಕಾರಿನಿಂದ ಹೊಂಗೆ ಮರದ ನೆರಳಿಗೆ ನಡೆಯುವಷ್ಟರಲ್ಲಿ ಅಕ್ಕ ಎರಡು ಸಲ ನಿಂತಳು. ಸೊಂಟಕ್ಕೆ ಕೈ ಕೊಟ್ಟು, ಏನೋ ನೋಡುವವಳ ಹಾಗೆ ನಟಿಸಿದಳು. ನೋಡಲು ಅಲ್ಲಿ ಏನೂ ಇರಲಿಲ್ಲ. ಪಾದ ಎರಡೂ ಊದಿ ಚಪ್ಪಲಿಯ ಪಟ್ಟಿ ಒಳಗೆ ಹೂತುಹೋಗಿತ್ತು. ಆ ಇಳಿಜಾರು ಇಳಿದು, ಆಚೆ ದಡದಲ್ಲಿ ಅಷ್ಟೇ ಏರು ಹತ್ತುವುದು ಅವಳಿಂದ ಆಗದೆಂದು ನಾವು ಮೂವರೂ ಹೇಳದೆಯೇ ಒಪ್ಪಿಕೊಂಡೆವು. ಅವಳು ದಾಟಬೇಕಾದರೆ ಕಾರಿನಲ್ಲಿ ಕೂತೇ ದಾಟಬೇಕು.

ಬಿಸಿಲು ನೆತ್ತಿಗೆ ಬಂತು. ದಿನಕ್ಕೆ ಅಕ್ಕನಿಗೆ ಸಲ್ಲುವ ನೀರು ಒಂದು ಸಣ್ಣ ಬಾಟಲಿ. ಹೆಂಡತಿ ಅದನ್ನು ಮುಚ್ಚಳದಲ್ಲಿ ಅಳೆದು ಕೊಡುತ್ತಿದ್ದಳು. ಆ ದಿನ ಮಧ್ಯಾಹ್ನಕ್ಕೇ ಬಾಟಲಿ ಮುಗಿಯಿತು. ಚಹಾ ಅಂಗಡಿಯಿಂದ ಐಸ್ ತುಂಡು ತಂದು ಕರ್ಚೀಫಿನಲ್ಲಿ ಸುತ್ತಿ ಕೊಟ್ಟೆ. ಅಕ್ಕ ಅದನ್ನು ತುಟಿಗೆ ಒತ್ತಿಕೊಂಡು ಹೊಳೆಯ ಕಡೆ ನೋಡಿದಳು.

“ಇದ್ಕೆ ನೀರಿಲ್ದಿರೋ ಕಾಯ್ಲೆ, ನಂಗೆ ನೀರ್ ಎಚ್ಚಾಗಿರೋ ಕಾಯ್ಲೆ,” ಎಂದಳು. “ನನ್ನ ಮಿಷಿನ್ನಿಂದ ಇಲ್ಗೊಂದ್ ಪೈಪ್ ಎಳುದ್ರೆ ಇಬ್ರಿಗೂ ಆಗದು.”

ನಾನು ನಗಲಿಲ್ಲ. ಅವಳ ಉಸಿರಾಟ ಲೆಕ್ಕ ಹಾಕುತ್ತಿದ್ದೆ.

“ಎಣಿಸ್ಬೇಡ ಕಣ್ಲಾ,” ಎಂದಳು. “ನೀನ್ ಎಣಿಸ್ತಿದ್ರೆ ನಂಗೂ ತಪ್ತದೆ.”

ಸಾಲು ಇರುವೆಯಂತೆ ಸರಿಯಿತು. ಲಾಂಚು ಹೋಗುವುದು, ಬರುವುದು, ನಾಲ್ಕೋ ಐದೋ ಗಾಡಿ ನುಂಗುವುದು. ನಾನು ಆಸ್ಪತ್ರೆಯ ಫೈಲು ಹಿಡಿದುಕೊಂಡು ಕೆಳಗಿಳಿದು, ಗಾಡಿ ಹತ್ತಿಸುವವನ ಹತ್ತಿರ ಹೋಗಲು ಎದ್ದೆ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡಿದ್ದೆ.

“ಎಲ್ಗೆ?” ಎಂದಳು ಅಕ್ಕ.

“ಹೇಳಿ ಬರ್ತೀನಿ. ಪೇಷಂಟ್ ಇದ್ದಾರೆ ಅಂತ.”

“ಆ ಮಿನಿ ಬಸ್ನೋರು ನಮ್ಗಿಂತ ಮುಂದೆ ಬಂದವ್ರೆ. ಅದ್ರಾಗೆ ಕೂಸು ಐತೆ, ಬೆಳಿಗ್ಗಿಂದ ಅಳ್ತಾ ಐತೆ. ನನ್ ಕೈ ತೋರ್ಸಿ ಅದುನ್ನ ಇಂದಕ್ ತಳ್ಬೇಡ.”

“ನಾಳೆ ಮಧ್ಯಾಹ್ನ ನೀನು ಮಿಷಿನ್ ಮೇಲಿರಬೇಕು ಅಕ್ಕ.”

“ಗೊತ್ತು ಕಣ. ನಂಗಿಂತ ನಿಂಗ್ ಗೊತ್ತಾ?”

ಫೈಲು ಸೀಟಿನ ಮೇಲಿಟ್ಟು ಕೂತೆ. ಆಮೇಲೆ ಅವಳು ಕಣ್ಣು ಮುಚ್ಚಿದಾಗ ಹೋಗಿ ಕೇಳಿಯೂ ಬಂದೆ. ಅವನು ಫೈಲು ನೋಡದೆ, ನನ್ನನ್ನೂ ನೋಡದೆ, “ಇಲ್ಲಿ ಎಲ್ಲರಿಗೂ ಅರ್ಜೆಂಟೇ ಮಾರಾಯ್ರೆ,” ಎಂದ. ಅಕ್ಕನಿಗೆ ಹೇಳಲಿಲ್ಲ. ಅವಳು ಕಣ್ಣು ಮುಚ್ಚಿಯೇ “ಏನಂದ?” ಎಂದು ಕೇಳಿದಳು.

ಸಂಜೆಯಾಯಿತು. ಕಡೆಯ ಲಾಂಚು ಬಂತು. ನಮ್ಮ ಮುಂದೆ ಇನ್ನೂ ಎಂಟು ಗಾಡಿಗಳಿದ್ದವು. ಒಂದು, ಎರಡು, ಮೂರು ಹತ್ತಿದವು. ನಾಲ್ಕನೆಯದಾಗಿ ಮಿನಿ ಬಸ್ಸು ಹತ್ತಿದಾಗ ಲಾಂಚು ಒಂದು ಪಕ್ಕಕ್ಕೆ ಬಾಗಿ, ತಳ ಮಣ್ಣಿಗೆ ಉಜ್ಜಿದ ಸದ್ದು ನಮಗೂ ಕೇಳಿಸಿತು. ಗಾಡಿ ಹತ್ತಿಸುವವನು ಎರಡು ಕೈಯನ್ನೂ ಮೇಲೆತ್ತಿದ. ಮುಗಿಯಿತು. ಮುಂದಿದ್ದ ದೊಡ್ಡ ಗಾಡಿಯವನು ಹಾರ್ನು ಹೊಡೆಯತೊಡಗಿದ. ನಾನು ಸ್ಟಿಯರಿಂಗ್ ಹಿಡಿದುಕೊಂಡು, ಘಟ್ಟ ಇಳಿಯಲು ಡೀಸೆಲ್ ಎಷ್ಟಿದೆ ಎಂದು ನೋಡಿದೆ. ನನ್ನದು ಪೆಟ್ರೋಲ್ ಗಾಡಿ ಎಂದು ಹೆಂಡತಿ ನೆನಪಿಸಿದಳು.

ಆಗ ಗಾಡಿ ಹತ್ತಿಸುವವನು ಸಾಲಿನ ಉದ್ದಕ್ಕೂ ನಡೆದು ಬಂದ. ಒಂದೊಂದು ಗಾಡಿಯನ್ನೂ ದನದ ಸಂತೆಯಲ್ಲಿ ದನ ನೋಡುವವನಂತೆ ನೋಡುತ್ತಾ ಬಂದು, ನಮ್ಮ ಕಾರಿನ ಮುಂದೆ ನಿಂತ. ಬಾನೆಟ್ಟಿನ ಮೇಲೆ ಕೈಯೂರಿ ಒಮ್ಮೆ ಒತ್ತಿದ.

“ಇದು ಕೂರ್ತದೆ. ಎಡಗಡೆ ಮೂಲೇಲಿ ಒಂದು ಸಣ್ಣದಕ್ಕೆ ಜಾಗ ಇದೆ. ತನ್ನಿ, ತನ್ನಿ.”

ಮುಂದಿದ್ದ ದೊಡ್ಡ ಗಾಡಿಗಳ ಪಕ್ಕದಲ್ಲೇ ನಮ್ಮ ಬೆಂಕಿಪೊಟ್ಟಣ ಇಳಿಜಾರು ಇಳಿಯಿತು. ಯಾರೋ ಬೈದರು. ಇನ್ಯಾರೋ “ದುಡ್ಡು ಕೊಟ್ಟಿರ್ಬೇಕು,” ಎಂದರು. ಒಂದು ಗಾಡಿಯ ಹಿಂದಿನ ಸೀಟಿನಲ್ಲಿ ಮುದುಕರೊಬ್ಬರು ಬಾಯಿ ತೆರೆದು ಕೂತಿದ್ದರು. ಅವರಿಗೆ ಯಾವ ಊರಿನಲ್ಲಿ, ಯಾವ ದಿನಕ್ಕೆ ಏನಿತ್ತೋ. ಅಕ್ಕ ಕಿಟಕಿಯಿಂದ ಅವರಿಗೆ ಕೈ ಮುಗಿದಳು. ಅವರು ಮುಗಿಯಲಿಲ್ಲ.

ಲಾಂಚಿನ ಮೇಲೆ ಮಿನಿ ಬಸ್ಸಿಗೂ ಕಬ್ಬಿಣದ ಕಂಬಿಗೂ ನಡುವೆ ನಮ್ಮನ್ನು ತುರುಕಿದರು. ಹ್ಯಾಂಡ್ ಬ್ರೇಕ್ ಎಳೆದೆ. ಎಳೆದಿದ್ದೇನೆಯೇ ಎಂದು ಮತ್ತೆ ನೋಡಿದೆ. ಗೇರಿನಲ್ಲೂ ಬಿಟ್ಟೆ. ತಳ ಎರಡು ಸಲ ಗರಗರ ಎಂದು, ಮೂರನೆಯ ಸಲಕ್ಕೆ ಬಿಡಿಸಿಕೊಂಡಿತು. ನಾಳೆಯಿಂದ ಗಾಡಿ ಕಾಣದ ಆ ನೀರಿನ ಮೇಲೆ ನಮ್ಮನ್ನು ಕರೆದುಕೊಂಡು ಲಾಂಚು ಹೊರಟಿತು.

ಅಕ್ಕ ಕಿಟಕಿಯಿಂದ ಕೈ ಹೊರಗೆ ಚಾಚಿದಳು. ನೀರು ಸಿಗಲಿಲ್ಲ, ಕೆಳಗಿತ್ತು. ಗಾಳಿ ಸಿಕ್ಕಿತು. ಉಬ್ಬಿದ ನರದ ಕೈಯನ್ನು ಹಾಗೇ ಗಾಳಿಗೆ ಹಿಡಿದುಕೊಂಡು, “ಸದ್ಯ,” ಎಂದಳು. ಬಸ್ಸಿನ ಕೂಸು ನಿದ್ದೆ ಹೋಗಿತ್ತು.

ಸಾಗರದ ಲಾಡ್ಜಿನಲ್ಲಿ ಅಕ್ಕ ಮಲಗಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ದಿಂಬು ಆನಿಸಿ ಕೂತೇ ಇದ್ದಳು. ಬೆಳಕು ಹರಿಯುವ ಮೊದಲೇ ಹೊರಟೆವು. ಮನೆಯಲ್ಲಿ ಕಳೆಯಬೇಕಾಗಿದ್ದ ರಾತ್ರಿಯನ್ನು ಸಾಲು ತಿಂದಿತ್ತು, ಇನ್ನು ನೇರ ಆಸ್ಪತ್ರೆಗೇ. ಶಿವಮೊಗ್ಗ, ಅರಸೀಕೆರೆ, ಹಾಸನ. ರೈಲ್ವೆ ಗೇಟು ತೆರೆದಿತ್ತು. ಯಾರೂ ಟೈರು ಸುಡುತ್ತಿರಲಿಲ್ಲ. ಹೊಳೆನರಸೀಪುರ ದಾಟಿ ಕೆ.ಆರ್. ನಗರ ಬಂದಾಗ ನಾಲೆಯಲ್ಲಿ ನೀರಿರಲಿಲ್ಲ. ಹುಡುಗರು ಅದರೊಳಗೆ ಕ್ರಿಕೆಟ್ ಆಡುತ್ತಿದ್ದರು. ಅಕ್ಕನ ಮಾತು ಆ ಹೊತ್ತಿಗೆ ನಿಂತಿತ್ತು. ಪ್ರತಿ ಉಸಿರಿಗೂ ಭುಜ ಏಳುತ್ತಿತ್ತು. ಹೆಂಡತಿ ಹಿಂದೆ ಕೂತು ಅವಳ ಬೆನ್ನು ನೀವುತ್ತಿದ್ದಳು. ಕಟ್ಟೆಮಳಲವಾಡಿ ಬಂದಾಗ ನಾನು ಭಾವನಿಗೆ ಫೋನು ಹಚ್ಚಿದೆ.

“ನಾನ್ ಆಗ್ಲೇ ಆಸ್ಪತ್ರೆ ಬಾಗ್ಲಾಗೆ ಇವ್ನಿ,” ಎಂದರು. “ಮಿಷಿನ್ ಇಡ್ಕೊಂಡವ್ನಿ ಅನ್ಕೊ. ನಿನ್ ಬೆಂಕಿಪೊಟ್ಟಣ ಎಲ್ಲೈತೆ?”

ನಾವು ತಲುಪಿದಾಗ ಪಾಳಿಯವರನ್ನು ಒಳಗೆ ಕರೆಯುತ್ತಿದ್ದರು. ನರ್ಸ್ ಅಕ್ಕನ ತೂಕ ನೋಡಿ, ನನ್ನನ್ನು ನೋಡಿ, ಅದನ್ನು ಚೀಟಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಳು. ಅದು ಬೈಗುಳಕ್ಕಿಂತ ಹೆಚ್ಚಾಗಿತ್ತು. ಸೂಜಿ ಚುಚ್ಚಿದರು. ಕೆಂಪು ನಳಿಗೆ ತುಂಬಿತು. ಮಿಷಿನ್ನು ತಿರುಗತೊಡಗಿತು. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಭಾವ ಒಂದು ಬನ್ನು ಮುರಿದು ಅರ್ಧ ಕೊಟ್ಟರು.

“ಬಂದ್ಬುಟ್ರಲ್ಲ, ತಿನ್ನು,” ಎಂದರು.

ಸಂಜೆ ಅಕ್ಕ ಹೊರಗೆ ಬಂದಾಗ ಉಸಿರು ಸರಿಹೋಗಿತ್ತು, ಮುಖ ಹಿಂಡಿದ ಬಟ್ಟೆಯಂತಿತ್ತು. ಮಿಷಿನ್ನಿನಿಂದ ಎದ್ದ ದಿನ ಅವಳಿಗೆ ಮನೆ ಸೇರಿ ಮಲಗಿದರೆ ಸಾಕು. ಭಾವ ಪಕ್ಕದ ಮನೆಯವರ ಕಾರು ತಂದಿದ್ದರು. ಮರುದಿನ ನಾಟಿಗೆ ಆಳು ಹೇಳಿದ್ದರು. ಅಕ್ಕನ ಚೀಲ, ದೇವಿಯ ಕುಂಕುಮ, ಖಾಲಿ ಬಾಟಲಿ ಎಲ್ಲವನ್ನೂ ನಮ್ಮ ಕಾರಿನಿಂದ ಆ ಕಾರಿಗೆ ನಾನೇ ಸಾಗಿಸಿದೆ. ಏನೂ ಮರೆತಿಲ್ಲವೆಂದು ಸೀಟಿನ ಕೆಳಗೂ ಕೈಯಾಡಿಸಿದೆ. ಅಕ್ಕ ಕಿಟಕಿಯಿಂದ, “ಓಗ್ಬತ್ತೀನಿ ಕಣ್ಲಾ. ಗ್ಯಾಸ್ ನೋಡ್ಕೊ,” ಎಂದಳು. ಕಾರು ಪಿರಿಯಾಪಟ್ಟಣದ ರಸ್ತೆಗೆ ತಿರುಗಿತು.

ಮನೆಗೆ ಬಂದು ಬೀಗ ತೆಗೆದ ಕೂಡಲೇ ಮೂಗು ಮುಂದೆ ಮಾಡಿಕೊಂಡು ಅಡುಗೆಮನೆಗೆ ಹೋದೆ. ವಾಸನೆ ಇರಲಿಲ್ಲ. ರೆಗ್ಯುಲೇಟರ್ ಬಂದ್ ಆಗಿತ್ತು. ಬಚ್ಚಲ ನಲ್ಲಿ ಬಂದ್ ಆಗಿತ್ತು. ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಬೀದಿ ಇದ್ದಲ್ಲಿಯೇ ಇತ್ತು.

“ಎಲ್ಲಾ ಸರಿ ಇದೆ,” ಎಂದು ಅಲ್ಲಿಂದಲೇ ಕೂಗಿ ಹೇಳಿದೆ.

ಹೆಂಡತಿ ದೇವರಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಹತ್ತಿರ ಹೋದಾಗ, “ಮಡ್ಲಕ್ಕಿ ಕಟ್ಲಿಲ್ಲ ಕಣ್ರೀ,” ಎಂದಳು.

ಅಕ್ಕ ಊರು ಮುಟ್ಟಿರಬಹುದು ಅನ್ನಿಸಿದಾಗ ಫೋನು ಮಾಡಿದೆ. ಈಗಲೇ ಮೊರದ ಸಮೇತ ಬರುತ್ತೇನೆ ಎಂದೆ.

“ಅದುನ್ನ ಕಾರ್ನಾಗೆ ತಂದ್ ಕೊಡ್ತಾರೇನ್ಲಾ, ರೇಷನ್ ತಂದಂಗೆ?” ಎಂದಳು. ದನಿ ಆಳದಲ್ಲಿತ್ತು. “ತವರ್ ಮನೆ ವಸ್ಲು ದಾಟುವಾಗ ಕಟ್ಟೋದು ಅದು. ನಂಗೂ ಗ್ಯಾನ ಬರ್ಲಿಲ್ಲ ನೋಡು. ಓಗ್ಲಿ ಬುಡು, ಬಂದಾಗ ಎರಡ್ ಸೇರ್ ಆಕ್ಸು.”

ಆಮೇಲಿನ ವಾರಗಳಲ್ಲಿಯೂ ಅವಳು ಹುಣಸೂರಿಗೆ ಬಂದಳು, ಮಂಗಳವಾರ, ಶುಕ್ರವಾರ. ಮಿಷಿನ್ನಿಗೆ ಬಂದು, ಮಿಷಿನ್ನಿನಿಂದಲೇ ಹೋದಳು. ನಮ್ಮ ಹೊಸ್ತಿಲಿಗೆ ಬರಲಿಲ್ಲ.

ಆ ರಾತ್ರಿ ಫೋನು ಇಟ್ಟು ನಾನು ದೇವರಮನೆಗೆ ಬಂದಾಗ ಹೆಂಡತಿ ಮೊರದ ಮೇಲಿನ ಬಟ್ಟೆ ತೆಗೆದಿದ್ದಳು. ವೀಳ್ಯದೆಲೆ ಬಾಡಿ ಹಳದಿಯಾಗಿತ್ತು. ಅಕ್ಕಿಗೆ, ಕಾಯಿಗೆ, ಬಳೆಗೆ ಏನೂ ಆಗಿರಲಿಲ್ಲ. ಬೆಲ್ಲಕ್ಕೆ ಇರುವೆ ಮುತ್ತಿತ್ತು. ಅವಳು ಅಚ್ಚನ್ನು ಹಿತ್ತಲಿಗೆ ಒಯ್ದು, ಒಗೆಯುವ ಕಲ್ಲಿನ ಅಂಚಿಗೆ ಮೆಲ್ಲಗೆ ತಟ್ಟಿ ತಟ್ಟಿ ಇರುವೆ ಉದುರಿಸಿದಳು. ಆಮೇಲೆ ತಂದು ಅಕ್ಕಿಯ ಮೇಲಿಟ್ಟು, ಮತ್ತೆ ಬಟ್ಟೆ ಹೊದಿಸಿದಳು.